ಸಣ್ಣ ಸೊಸೆಯ ದೊಡ್ಡ ಬೇಜಾರು
ಮನೆಗೆ ಬರುವ ಸಣ್ಣ ಸೊಸೆ ಬೇಜಾರಿಗೇ ಹತ್ತಾರು ಇಂಗ್ಲಿಷ್ ಪದ ಬಲ್ಲಳಂತೆ ಎಂದು ಮಾವನವರು ಹೆಮ್ಮೆಯಿಂದ ಹೇಳಿದ ದಿನವೇ, ಅರ್ಧಕ್ಕೆ ಶಾಲೆ ಬಿಟ್ಟಿದ್ದ ದೊಡ್ಡ ಸೊಸೆಯ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಬಂದವಳು ಇಸ್ತ್ರಿ ಮಾಡುವಾಗಲೂ ಡಿಕ್ಷನರಿಯನ್ನು ಎದುರಿಗೆ ಒರಗಿಸಿಟ್ಟುಕೊಳ್ಳುತ್ತಿದ್ದಳು. ಹೊಸ ಪದ ಸಿಕ್ಕಿದರೆ ಕನ್ನಡಿಯ ಮುಂದೆ ನಿಂತು ಅದಕ್ಕೆ ತಕ್ಕ ಮುಖ ಮಾಡಿ ನೋಡುತ್ತಿದ್ದಳು. ಮೋಡ ಕವಿದರೆ ಅವಳು ಮೆಲಂಕಲಿ, ಹಾಲು ಒಡೆದರೆ ಡೆಸ್ಪಾಂಡೆಂಟ್. ಗಡ್ಡಕ್ಕೆ ಸೋಪು ಹಚ್ಚಿ ಗಂಭೀರವಾಗಿ ಕುಳಿತ ಮಾವನವರು ಸಾಲೆಮ್. ದೊಡ್ಡವಳಿಗೆ ಸಹಿಸಲಾಗದೆ ಇದ್ದದ್ದು ಆ ಪದಗಳಿಗೆ ಸಿಗುತ್ತಿದ್ದ ಮರ್ಯಾದೆ. ತಾನು ಒಲೆಯ ಮುಂದೆ ಕಣ್ಣೊರೆಸಿಕೊಂಡರೆ "ಶುರುವಾಯ್ತಪ್ಪ ನಲ್ಲಿ" ಎಂದು ಗಂಡನೇ ನಗುತ್ತಿದ್ದ. ಸಣ್ಣವಳು "ಐ ಆಮ್ ಮೆಲಂಕಲಿ" ಎಂದರೆ ಮನೆಮಂದಿಯೆಲ್ಲ ತುದಿಗಾಲಲ್ಲಿ ನಡೆಯುತ್ತಿದ್ದರು, ಅವಳ ಕೋಣೆಗೆ ಕಾಫಿ ಹೋಗುತ್ತಿತ್ತು, ಅದನ್ನು ಒಯ್ಯುವವಳೂ ದೊಡ್ಡವಳೇ. "ನನ್ನ ಬೇಜಾರೇನು ಬೀದೀಲಿ ಬಿದ್ದು ಸಿಕ್ಕಿದ್ದಾ?" ಎಂದು ಅವಳು ಲೋಟ ಕುಕ್ಕಿದರೆ, "ಹಾಗಲ್ಲ ಅಕ್ಕ, ನಿಮ್ಮದು ಬರೀ ಅಳು. ನಂದು ಮೂಡು" ಎಂದು ಸಣ್ಣವಳು ಸಮಾಧಾನ ಹೇಳುತ್ತಿದ್ದಳು. ಕಾಲ ಕಳೆದು ಇಬ್ಬರ ಗಂಡಂದಿರೂ ಹೋದರು. ದೊಡ್ಡವಳು ಬೀದಿಗೆಲ್ಲ ಕೇಳುವಂತೆ ಅತ್ತು ಹಗುರಾಗಿದ್ದಳು. ಸಣ್ಣವಳು ತನ್ನ ಸರದಿ ಬಂದಾಗ ಒಣಗಣ್ಣಿನಲ್ಲಿ ಡಿಕ್ಷನರಿ ತಿರುವುತ್ತ ಕುಳಿತಳು, ಯಾವ ಪದವೂ ಸಾಲಲಿಲ್ಲ. ಕೊನೆಗೆ ತಾನೇ ಹಾಸಿಗೆ ಹಿಡಿದಾಗ ಅವಳು ದೊಡ್ಡವಳ ಕೈ ಹಿಡಿದುಕೊಂಡು, "ನಿಮ್ಮ ಅಳು ಕಂಡ್ರೆ ಮೊದಲಿಂದ್ಲೂ ನಂಗೆ ಹೊಟ್ಟೆಕಿಚ್ಚು ಅಕ್ಕ" ಎಂದಳು. "ನಾನು ಹೋದ ದಿನ ಎಲ್ಲರೂ ಸಾಲೆಮ್ ಆಗಿ ನಿಂತಿರ್ತಾರೆ. ನೀವು ಮಾತ್ರ ಜೋರಾಗಿ ಅತ್ತುಬಿಡಿ."