ಹೇಮಕ್ಕನ ಅಳತೆ ರವಿಕೆ

"ಈ ರವಿಕೆ ಎಲ್ಲಿ ಹೊಲಿಸಿದ್ದು?" ಎಂದು ನಮ್ಮ ಹೇಮಕ್ಕನನ್ನು ಕೇಳದ ಹೆಂಗಸು ಸಿಂಗಟಗೆರೆಯಲ್ಲೇ ಇರಲಿಲ್ಲ. ಉಡುವುದು ಸಾದಾ ಸೀರೆಯೇ ಆದರೂ ರವಿಕೆ ಮಾತ್ರ ಮೈಗೆ ಹೇಳಿ ಮಾಡಿಸಿದ ಹಾಗೆ ಕೂರಬೇಕು. ತೋಳಿನಲ್ಲಿ ಒಂದು ಸುಕ್ಕು ಕಂಡರೂ ಬಸ್ಸು ಹತ್ತಿ ಬೀರೂರಿಗೆ ಹೋಗಿ, ಟೈಲರ್ ಬಷೀರುನ್ನೀಸಾಳ ಮುಂದೆ ಕೂತು ಬಿಚ್ಚಿ ಹೊಲಿಸಿಕೊಂಡೇ ಬರುವಳು.

ನಾನು ಅಂಜಿನಮ್ಮ, ಆಕೆಯ ಓರಗಿತ್ತಿ. ಅಣ್ಣತಮ್ಮಂದಿರ ಕೈ ಹಿಡಿದು ಒಂದೇ ಮನೆಗೆ ಬಂದವರು ನಾವು. ನಾನೋ, ಗೋಣಿಚೀಲ ಕೊಟ್ಟರೂ ತೊಟ್ಟುಕೊಂಡು ಹೊಲಕ್ಕೆ ನಡೆಯುವ ಪೈಕಿ.

"ಲೇ ಅಂಜಿನೀ, ಆ ತೋಳು ನೋಡ್ಕಳೇ, ಕುರಿ ನುಗ್ಬೋದು ಅದ್ರೊಳಗೆ" ಎಂದು ಆಕೆ ರೇಗಿಸುವಳು.

"ನಿನ್ ರವಿಕೇಲಿ ಉಸ್ರೂ ನುಗ್ಗಲ್ಲ ಬಿಡಕ್ಕಾ" ಎಂದು ನಾನೂ ಬಿಡುತ್ತಿರಲಿಲ್ಲ. ಬಾಯಿ ನನಗೇನು ಕಡಿಮೆಯೇ!

ನಮ್ಮ ಕಡೆ ಹೆಂಗಸರು ಮೈಗೆ ಟೇಪು ಹಿಡಿಸಿಕೊಳ್ಳುವುದು ಅಪರೂಪ. ಚೆನ್ನಾಗಿ ಕೂತ ಒಂದು ರವಿಕೆಯನ್ನು ಅಳತೆಗೆಂದೇ ಎತ್ತಿಟ್ಟು, ಹೊಸದು ಹೊಲಿಸುವಾಗ ಬಟ್ಟೆಯ ಜೊತೆ ಅದನ್ನೂ ಸುತ್ತಿ ಕೊಡುತ್ತೇವೆ. ಹೇಮಕ್ಕನದು ಹಸಿರು ರವಿಕೆ. ಅವಳ ಮಗಳು ಸ್ಪೂರ್ತಿ ಶಾಲೆಗೆ ಸೇರಿದ ವರ್ಷದ್ದು. ಬಣ್ಣ ಮಾಸಿ ಬೂದಿಯಾದರೂ ಅದರ ಅಳತೆ ಹಾಗೇ ಇತ್ತು. ಅಳತೆ ಕೆಟ್ಟದ್ದು ಹೇಮಕ್ಕನದು.

ಎಡಗಡೆ ಎದೆಯಲ್ಲಿ ಗಂಟು. ಶಿವಮೊಗ್ಗದಲ್ಲಿ ಆ ಎದೆಯನ್ನೇ ತೆಗೆದರು. ಜೀವ ಉಳಿಯಿತು, ಊರಿಗೆ ಬಂದಳು. ಊರವರು ಕೇಳಿದರೆ ಗರ್ಭಕೋಶದ ಆಪರೇಷನ್ ಎಂದು ಹೇಳಿದೆವು. ಅದಾದರೆ ಮನೆಗೊಬ್ಬರಿಗೆ ಆಗಿರುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ನಿಜ ಗೊತ್ತಿದ್ದದ್ದು ಹೇಮಕ್ಕನ ಗಂಡ ದೇವರಾಜ ಭಾವನಿಗೆ, ಸ್ಪೂರ್ತಿಗೆ, ನನಗೆ ಮತ್ತು ನನ್ನ ಗಂಡನಿಗೆ. ಅಂದಿನಿಂದ ಹೇಮಕ್ಕ ದೊಗಳೆ ರವಿಕೆ ತೊಟ್ಟು, ಬೇಸಿಗೆಯಲ್ಲೂ ಸೆರಗು ಹೊದ್ದು ಓಡಾಡಿದಳು. ನನ್ನ ತೋಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಆ ಬೈಗುಳವೇ ಬೇಕಿತ್ತು.

ಅಜ್ಜಂಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಶಶಿಧರನಿಗೂ ಸ್ಪೂರ್ತಿಗೂ ಸಂಬಂಧ ಕೂಡಿ ಬಂತು. ಹುಡುಗ ಒಳ್ಳೆಯವನು, ಹುಡುಗಿಗೂ ಒಪ್ಪಿಗೆ. ಅಂದೇ ಹೇಮಕ್ಕ ನಮ್ಮೆಲ್ಲರನ್ನೂ ಒಳಗೆ ಕರೆದು ಬಾಗಿಲು ಹಾಕಿ, ಕಾಯಿಲೆಯ ಮಾತು ಹೊರಗೆ ಆಡಬಾರದೆಂದು ಸ್ಪೂರ್ತಿಯ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡಳು.

"ರಕ್ತದಲ್ ಬರೋ ಕಾಯ್ಲೆ ಅಂತಾರೆ ಕಣೇ. ನಾಳೆ ಸೊಸೆಗೂ ಬಂದ್ರೆ ಅಂತ ಅವ್ರು ಒಂದ್ ಮಾತು ಆಡಿದ್ರೆ ಮುಗೀತು. ಈ ಸಂಬಂಧ ಮಾತ್ರ ಅಲ್ಲ, ಯಾವ ಮನೆಯೋರೂ ನಮ್ ಬಾಗ್ಲಿಗೆ ಬರಲ್ಲ."

"ಅಮ್ಮಾ, ಶಶಿಧರಂಗಾದ್ರೂ ಹೇಳಣ" ಎಂದು ಹುಡುಗಿ ಅತ್ತಳು. ತಾಯಿ ಕೇಳಲಿಲ್ಲ.

ಮದುವೆಯ ಜವಳಿಗೆ ಹುಡುಗನ ತಾಯಿ ಚನ್ನವೀರಮ್ಮ ನಮ್ಮನ್ನೆಲ್ಲ ಕಡೂರಿಗೆ ಕರೆಸಿದರು. ಹೊಸದಾಗಿ ತೆರೆದ ಡಿಸೈನರ್ ಬಟ್ಟೆಯ ಅಂಗಡಿ. ಕೈಯಲ್ಲಿ ಮುಟ್ಟಲೂ ಹೆದರಿಕೆಯಾಗುವಂಥ ಬಟ್ಟೆಗಳು. ಸ್ಪೂರ್ತಿಗೆ ಲೆಹೆಂಗಾ ಆಯಿತು. ಹುಡುಗಿಯ ತಾಯಿಗೂ ಗಂಡಿನ ಕಡೆಯಿಂದಲೇ ಸೀರೆ, ಅದಕ್ಕೊಪ್ಪುವ ಡಿಸೈನರ್ ರವಿಕೆ ಆಗಲೇಬೇಕೆಂದು ಚನ್ನವೀರಮ್ಮ ಹಟ ಹಿಡಿದರು. ಮೈತುಂಬ ಮಣಿ, ಜರಿ ಕಸೂತಿಯ ಸಿದ್ಧ ರವಿಕೆಗಳು ಕೌಂಟರಿನ ಮೇಲೆ ಬಂದು ಬಿದ್ದವು.

"ಸೈಜ್ ನೋಡ್ತೀನಿ, ಕೈ ಎತ್ತಿ ಅಮ್ಮಾ" ಎಂದು ಅಂಗಡಿಯ ಹುಡುಗಿ ಟೇಪು ಹಿಡಿದು ಬಂದಳು. ಹೇಮಕ್ಕ ಹಿಂದೆ ಸರಿದ ರಭಸಕ್ಕೆ ನೇತುಹಾಕಿದ್ದ ಚೂಡಿದಾರಗಳೆಲ್ಲ ಕೆಳಗೆ ಬಿದ್ದವು.

"ಅಳ್ತೆ ತಂದಿದೀನಿ" ಎಂದು ಚೀಲದಿಂದ ಹಸಿರು ರವಿಕೆ ತೆಗೆದಳು. ಇದನ್ನು ಯಾವಾಗ ಚೀಲಕ್ಕೆ ಹಾಕಿಕೊಂಡಳೋ! ಹುಡುಗಿ ಅದನ್ನು ಹರಡಿ ಅಳೆದು, ಮೂವತ್ತೆಂಟರ ಒಂದು ಕೆಂಪು ರವಿಕೆ ತೆಗೆದಳು.

"ಒಂದ್ಸಲ ಹಾಕ್ಕಂಡ್ ನೋಡಿ ಬೀಗ್ರೇ" ಎಂದರು ಚನ್ನವೀರಮ್ಮ. "ಇಷ್ಟೊಂದ್ ಮಣಿ ಐತೆ, ಆಮೇಲೆ ಬಿಚ್ಚಿ ಹೊಲ್ಯಕ್ಕಾಗಲ್ಲ."

"ಬ್ಯಾಡ ಕಣ್ರೀ. ನನ್ನಳತೆ ಬದ್ಲಾಗಿಲ್ಲ" ಎಂದು ಹೇಮಕ್ಕ ನಕ್ಕಳು. ಎಷ್ಟು ಚೆನ್ನಾಗಿ ನಕ್ಕಳೆಂದರೆ, ಗೊತ್ತಿದ್ದ ನಾನೂ ಒಂದು ಗಳಿಗೆ ನಂಬಿದೆ.

ಊರಿಗೆ ಬಂದ ಮೇಲೆ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಬಲಗಡೆ ಹೂವಿನ ಹಾಗೆ ಕೂತಿತ್ತು. ಎಡಗಡೆ ಮಣಿಯ ಭಾರಕ್ಕೆ ಜೋತು ಬಿದ್ದಿತ್ತು. ಹೇಮಕ್ಕ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಎದೆ ತೆಗೆದಾಗಲೂ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು, ಹಳೆಯ ಪಂಚೆಯ ತುಂಡಿನಲ್ಲಿ ಒಂದು ಸಣ್ಣ ಚೀಲ ಹೊಲಿದಳು. ಬರೀ ಹತ್ತಿ ತುಂಬಿದರೆ ಹಗುರಾಗಿ ಮೇಲಕ್ಕೆ ಏರುತ್ತಿತ್ತು. ಭಾರಕ್ಕೆಂದು ಹತ್ತಿಯ ನಡುವೆ ರಾಗಿ ಹಾಕಿದಳು. ಅದನ್ನು ಎಡಗಡೆ ಇಟ್ಟುಕೊಂಡು ಹುಕ್ಕು ಹಾಕಿದಾಗ, ಆಹಾ, ಹಳೆಯ ಹೇಮಕ್ಕನೇ ಎದ್ದು ಬಂದ ಹಾಗಿತ್ತು.

ಆ ಹೊತ್ತಿಗಾಗಲೇ ಆಕೆಗೆ ಬೆನ್ನುನೋವು, ಬಿಡದ ಕೆಮ್ಮು ಶುರುವಾಗಿತ್ತು. ತಪ್ಪದೆ ಬಂದು ತೋರಿಸಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು. ಸಂಬಂಧ ಕೂಡಿದ ಮೇಲೆ ಆಕೆ ಆ ಕಡೆ ತಲೆಯೇ ಹಾಕಿರಲಿಲ್ಲ.

"ನಡಿಯಕ್ಕಾ, ನಾಳೇನೇ ರೈಲು ಹತ್ತಣ" ಎಂದೆ.

"ಬೀರೂರ್ ಸ್ಟೇಷನ್ನಲ್ಲಿ ಅಜ್ಜಂಪುರದೋರು ಯಾರಾದ್ರೂ ಸಿಕ್ಕೇ ಸಿಗ್ತಾರೆ. ಎಲ್ಲಿಗ್ ಹೊಂಟ್ರಿ, ಯಾಕ್ ಹೊಂಟ್ರಿ ಅಂದ್ರೆ? ಧಾರೆ ಒಂದ್ ಮುಗೀಲಿ ತಡಿಯೇ."

"ನಿನ್ ಜೀವ ಹೋದ್ರೆ ಧಾರೆ ಎರೆಯೋರ್ ಯಾರೇ?" ಎಂದು ಕೂಗಾಡಿದೆ, ಎರಡು ದಿನ ಮಾತು ಬಿಟ್ಟೆ. ಭಾವನೂ ಕೈಮುಗಿದು ಕೇಳಿದರು. ಮಗಳ ತಲೆಯ ಮೇಲಿನ ಆಣೆಯನ್ನು ನೆನಪಿಸಿ ನಮ್ಮ ಬಾಯಿ ಕಟ್ಟಿದಳು, ಹಟಮಾರಿ.

ಮದುವೆ ಕಡೂರಿನ ಛತ್ರದಲ್ಲಿ ಚೆನ್ನಾಗೇ ನಡೆಯಿತು. ಹೇಮಕ್ಕ ಸೆರಗು ಹೊದೆಯದೆ, ಮೊದಲಿನಂತೆ ಪಿನ್ನು ಹಾಕಿಕೊಂಡು ನಿಂತಿದ್ದಳು. ಧಾರೆ ಎರೆಯಲು ಬಗ್ಗಿದಾಗ ರಾಗಿಯ ಚೀಲ ಜಾರಿತು. ಸೀರೆ ಸರಿಪಡಿಸುವ ನೆಪದಲ್ಲಿ ನಾನು ಹಿಂದಿನಿಂದ ಕೈ ಹಾಕಿ ನೂಕಿದೆ. "ನಮ್ ಬೀಗಿತ್ತಿ ನೋಡ್ರೇ, ಮದುಮಗಳಿಗಿಂತ ಚೆಂದಾಗವ್ರೆ!" ಎಂದು ಚನ್ನವೀರಮ್ಮ ತಮ್ಮ ಕಡೆಯವರಿಗೆಲ್ಲ ತೋರಿಸಿ ಹೆಮ್ಮೆಪಟ್ಟರು.

ಮರುವಾರ ಶಿವಮೊಗ್ಗಕ್ಕೆ ಹೋದೆವು. "ಇಷ್ಟು ದಿನ ಎಲ್ಲಿದ್ರಮ್ಮಾ?" ಎಂದು ಡಾಕ್ಟರು ಕೇಳಿದರು. ಕಾಯಿಲೆ ಶ್ವಾಸಕೋಶಕ್ಕೆ, ಬೆನ್ನುಮೂಳೆಗೆ ಇಳಿದಾಗಿತ್ತು. ಬೀಗರಿಗೆ ಕಫ ಕಟ್ಟಿದೆ ಎಂದೆವು. ಮಲಗಿದ ಜಾಗದಿಂದಲೂ ಆಕೆಗೆ ಅದೇ ಚಿಂತೆ: "ಸ್ಪೂರ್ತಿ ಮಡ್ಲಲ್ಲಿ ಒಂದ್ ಕೂಸು ಆಗೋವರ್ಗೂ ಬಾಯ್ ಬಿಡ್ಬ್ಯಾಡ ಕಣೇ." ಹುಣಸೆ ಬಡಿಯುವ ಕಾಲಕ್ಕೆ ನಮ್ಮ ಹೇಮಕ್ಕ ಹೋಗಿಬಿಟ್ಟಳು.

ಮುತ್ತೈದೆ ಸಾವು. ಮೀಯಿಸಿ, ಮಗಳ ಮದುವೆಯಲ್ಲಿ ಉಟ್ಟ ಸೀರೆ ಉಡಿಸಬೇಕು. ನಾನೊಬ್ಬಳೇ ಮಾಡುತ್ತೇನೆಂದರೂ ಕೇಳದೆ ಚನ್ನವೀರಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. ಬೀಗಿತ್ತಿಯ ಕೊನೆಯ ಸ್ನಾನ, ಬೇಡವೆನ್ನುವುದು ಹೇಗೆ? ನೀರು ಹಾಕಲು ಬಟ್ಟೆ ಸರಿಸಿದವರು ಕೈಯಲ್ಲಿ ಚೊಂಬು ಹಿಡಿದು ಹಾಗೇ ನಿಂತರು. ನಾನು ಪೆಟ್ಟಿಗೆಯಿಂದ ಕೆಂಪು ರವಿಕೆಯನ್ನೂ ಆ ಚೀಲವನ್ನೂ ತೆಗೆಯುತ್ತಿದ್ದೆ. ಅವರು ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಸುಕಿ ನೋಡಿದರು.

"ಏನಿದು, ರಾಗಿಯಾ?"

ಇನ್ನೇನು ಮುಚ್ಚಿಡುವುದು? ಎಲ್ಲ ಹೇಳಿದೆ. ಕಡೂರಿನ ಅಂಗಡಿ, ಬೀರೂರಿನ ಸ್ಟೇಷನ್ನು, ತಲೆ ಮುಟ್ಟಿಸಿದ ಆಣೆ, ಎಲ್ಲ. ಸ್ಪೂರ್ತಿಯ ಬಾಳು ಇವತ್ತಿಗೆ ಮುಗಿಯಿತೆಂದುಕೊಂಡೆ.

ಚನ್ನವೀರಮ್ಮ ಆ ಚೀಲವನ್ನು ಎದೆಗೊತ್ತಿಕೊಂಡು ಹೇಮಕ್ಕನ ಪಕ್ಕ ಕುಸಿದು ಕೂತರು. "ಅಯ್ಯೋ ನನ್ನವ್ವಾ, ನಾನ್ ಸೊಸೆ ಕೇಳಕ್ ಬಂದಿದ್ದೆ, ಎಮ್ಮೆ ವ್ಯಾಪಾರಕ್ ಬಂದಿದ್ನೇನೇ? ಒಂದ್ ಮಾತ್ ಹೇಳ್ಬಾರ್ದಿತ್ತಾ? ನಿನ್ನಳತೇದೇ ಹೊಲ್ಸಿ ತರ್ತಿದ್ನಲ್ಲ ತಾಯೀ!"

ಅವತ್ತೇ ಹೇಳಿದ್ದರೂ ಹೀಗೇ ಅನ್ನುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಹೇಮಕ್ಕ ಕೇಳಿ ನೋಡಲೇ ಇಲ್ಲವಲ್ಲ. ಅದನ್ನು ನೆನೆದರೆ ಇವತ್ತಿಗೂ ಸತ್ತವಳ ಮೇಲೆ ಕೆಂಡದಂಥ ಸಿಟ್ಟು ಬರುತ್ತದೆ.

ನಾನು ಚೀಲಕ್ಕೆ ಕೈ ಚಾಚಿದೆ. ಚನ್ನವೀರಮ್ಮ ಕೊಡಲಿಲ್ಲ.

"ಬ್ಯಾಡ. ಸೂಜಿ ದಾರ ತಗಂಬಾ."

ತೊಡಿಸಿದ ರವಿಕೆಯ ಎಡಗಡೆಯನ್ನು ಮಡಿಸಿ ಹಿಡಿದು, ಅಳುತ್ತಲೇ ಉದ್ದುದ್ದ ಹೊಲಿಗೆ ಹಾಕಿದರು. ಮಣಿಗಳು ಒಂದೊಂದೇ ಕಿತ್ತು ಚಾಪೆಯ ಮೇಲೆ ಉರುಳಿದವು. ಅವರು ದಾರ ಕಚ್ಚಿ ಕತ್ತರಿಸಿದ ಮೇಲೆ ನಾನು ಬಗ್ಗಿ ನೋಡಿದೆ. ರವಿಕೆ ನಮ್ಮ ಹೇಮಕ್ಕನಿಗೆ ಸರಿಯಾಗಿ ಕೂತಿತ್ತು. ಎಲ್ಲೂ ಒಂದು ಸುಕ್ಕಿರಲಿಲ್ಲ.