ಅರುಂಧತಿಯ ಒಣಕಸ

ಮದ್ದೂರು ಪೇಟೆಯಲ್ಲಿ ಸ್ಟುಡಿಯೊ ಇಟ್ಟಿರುವ ಮಹದೇವುವಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ. ಇರುವುದು ಒಂದೇ ಕಾಯಿಲೆ: ಎದುರು ಸಾಲಿನ ಸ್ಟುಡಿಯೊದ ಅರುಂಧತಿ.

ಇಬ್ಬರೂ ಆತಗೂರಿನ ಮರಿಯಯ್ಯನವರ ಕತ್ತಲೆ ಕೋಣೆಯಲ್ಲಿ ಫೋಟೊ ತೊಳೆಯುವುದನ್ನು ಕಲಿತವರು. ರೀಲಿನ ಕಾಲ ಮುಗಿದ ಮೇಲೆ ಇಬ್ಬರೂ ಇಂಕ್‌ಜೆಟ್ ಪ್ರಿಂಟರ್ ಇಟ್ಟರು. ಕಲರ್ ಫೋಟೊದಲ್ಲಿ ಸಮಸಮ. ಕಪ್ಪು-ಬಿಳುಪು ಎಂದರೆ ಮಾತ್ರ ಜನ ಮಹದೇವುವಿನ ಮುಂದೆಯೇ ರಸ್ತೆ ದಾಟಿ ಅವಳಲ್ಲಿಗೆ ಹೋಗುತ್ತಿದ್ದರು. ಹಠಕ್ಕೆ ಬಿದ್ದು ಅವಳದೇ ಮಾದರಿಯ ಪ್ರಿಂಟರ್ ತಂದ; ಆದರೆ ಅದಕ್ಕೆ ತುಂಬಿದ್ದು ಅಗ್ಗದ ಇಂಕು, ಹಾಕಿದ್ದು ಅಗ್ಗದ ಮಿರಮಿರ ಕಾಗದ. ಎಮ್ಮೆ ಕೊಂಡು ಹಗ್ಗಕ್ಕೆ ಚೌಕಾಸಿ ಮಾಡುವ ಜಾತಿ ಅವನು. ಅವನ ಪ್ರಿಂಟಿನಲ್ಲಿ ಎಲ್ಲರ ತಾತಂದಿರ ಮುಖಕ್ಕೂ ಹಸಿರು ಕಳೆ.

ಮರಿಯಯ್ಯನವರೇ ಒಮ್ಮೆ ಅಂಥದೊಂದು ಪ್ರಿಂಟನ್ನು ಬೆಳಕಿಗೆ ಹಿಡಿದು, “ಇದು ಕಪ್ಪಲ್ಲ ಕಣ್ಲಾ, ಕಟ್ಟೆ ನೀರಿನ ಪಾಚಿ. ಅರುಂಧತಿ ಕಪ್ಪ ನೋಡೋಗು, ಎಮ್ಮೆ ಬೆನ್ನಂಗದೆ” ಎಂದಿದ್ದರು. ಆ ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು.

ಮರಿಯಯ್ಯ ತೀರಿಕೊಂಡರು. ಹೆಂಡತಿ ಪಟ್ಟಲಮ್ಮ ಇಬ್ಬರನ್ನೂ ಕರೆಸಿ, ಗಂಡನ ಹಳೆಯ ಫೋಟೊ ಒಂದನ್ನು ತೋರಿಸಿದರು. “ಇಬ್ರೂವೆ ಒಂದೊಂದ್ ಪಟ ಮಾಡ್ಕಂಡ್ ಬನ್ನಿ. ಗಾಜು ಆಮ್ಯಾಕೆ ಆಕ್ಸನ. ಯಾವ್ದು ಅವರಂಗದೋ ಅದನ್ನ ನಡುಮನೇಲಿ ಇಕ್ತೀನಿ.”

ಬದುಕಿದ್ದಾಗ ಸಿಗದ ಭೇಷ್ ಸತ್ತ ಮೇಲಾದರೂ ಸಿಗಬೇಕು ಎಂದುಕೊಂಡ ಮಹದೇವು. ಯಾವ ಕಾಗದ, ಯಾವ ಇಂಕು ಎಂದು ಅರುಂಧತಿಯನ್ನು ಕೇಳಿದ್ದರೆ ಹೇಳುತ್ತಿದ್ದಳು. ಆದರೆ ಕೇಳುವುದೆಂದರೆ ಸೋತೆ ಎಂದು ಬರೆದುಕೊಟ್ಟಂತೆ. ಅದಕ್ಕೇ ಬೆಳಗ್ಗೆ ಪುರಸಭೆಯ ಗಾಡಿ ಬರುವ ಮುಂಚೆ ಅವಳ ಅಂಗಡಿ ಮುಂದಿನ ಒಣಕಸದ ಚೀಲ ಕೆದಕಲು ಹೊರಟ.

“ಕಸದ ಗಾಡಿಗಿಂತ ಮುಂಚೆ ನೀವೇ ಓಯ್ತೀರಲ್ಲ, ಕೆಲ್ಸ ಕಾಯಂ ಆಯ್ತಾ?” ಎಂದಳು ಹೆಂಡತಿ ವೀಣ.

ಮೂರನೇ ದಿನ ನಿಧಿ ಸಿಕ್ಕಿತು. ಬರೈಟಾ ಎಂಬ ಕಾಗದದ ಖಾಲಿ ಡಬ್ಬ. ಹಳೆಯ ಕತ್ತಲೆ ಕೋಣೆಯ ಕಾಗದದಂತೆ ದಪ್ಪ, ತೆಳುವಾದ ಹೊಳಪಿನದು. ಜೊತೆಗೆ, ಮ್ಯಾಟ್ ಬ್ಲ್ಯಾಕ್ ಎಂದು ಬರೆದ ಖಾಲಿ ಇಂಕ್ ಡಬ್ಬಿ. ಎರಡನ್ನೂ ಜೇಬಿಗೂ ಕಂಕುಳಿಗೂ ಸೇರಿಸಿಕೊಂಡ. ಪಕ್ಕದವರ ಕಸದಲ್ಲಿ ವ್ಯಾಪಾರದ ಗುಟ್ಟು ಹುಡುಕುವವನಿಗೆ ಒಂದು ಮಾತು ಹೊಳೆಯುವುದಿಲ್ಲ: ಎರಡು ಬೇರೆ ಕೆಲಸದ ಕಸ ಒಂದೇ ಚೀಲಕ್ಕೆ ಬೀಳುತ್ತದೆ.

ಬೆಂಗಳೂರಿಂದ ಎರಡನ್ನೂ ತರಿಸಿದ. ಈ ಸಲ ಚೌಕಾಸಿ ಇಲ್ಲ. ಪ್ರಿಂಟ್ ಬಂತು, ಹಸಿರು ಮಾಯ. ಮುಟ್ಟಿದರೆ ಕೊಳೆಯಾದೀತೆಂದು ಅಂಚು ಹಿಡಿದೇ ಕವರಿಗೆ ಸೇರಿಸಿದ.

ಆತಗೂರಿನ ಜಗಲಿಯ ಮೇಲೆ ಎರಡು ಪಟಗಳೂ ಅಕ್ಕಪಕ್ಕ ಕೂತವು. ಮಹದೇವು ಅರುಂಧತಿಯ ಮುಖವನ್ನೇ ನೋಡುತ್ತಿದ್ದ, ಯಾವಾಗ ಬಾಡುತ್ತದೋ ಎಂದು. ಪಟ್ಟಲಮ್ಮ ಬಗ್ಗಿದರು. ಹೆಬ್ಬೆರಳಿಂದ ಕೆನ್ನೆ ಸವರಿ ನೋಡದೆ ಮರಿಯಯ್ಯ ಯಾವ ಪಟಕ್ಕೂ ಗಾಜು ಹಾಕುತ್ತಿರಲಿಲ್ಲ. ನಲವತ್ತು ವರ್ಷ ಅದನ್ನು ನೋಡಿದ್ದ ಪಟ್ಟಲಮ್ಮನ ಕೈಯೂ ಹಾಗೆಯೇ ಸವರಿತು. ಅರುಂಧತಿಯ ಪಟದ ಕಪ್ಪು ಅಲುಗಲಿಲ್ಲ. ಮಹದೇವುವಿನ ಪಟದಲ್ಲಿ ಮರಿಯಯ್ಯನವರ ಮೀಸೆ ಹೆಬ್ಬೆರಳಿಗೆ ಅಂಟಿ ಕಿವಿಯವರೆಗೂ ಹೋಯಿತು.

“ಅಯ್ಯೋ ನಿನ್ನ! ಮದ್ವೆ ದಿನ್ವೂ ಇಷ್ಟುದ್ದ ಮೀಸೆ ಬುಟ್ಟಿರ್ನಿಲ್ಲ ಕಣಪ್ಪ!” ಗಂಡನ ಸಾವಿನ ನಂತರ ಪಟ್ಟಲಮ್ಮ ಮೊದಲ ಸಲ ನಕ್ಕರು.

“ಮ್ಯಾಟ್ ಬ್ಲ್ಯಾಕ್ ಆಕಿದ್ದೀರೇನಣ್ಣ?” ಎಂದಳು ಅರುಂಧತಿ. “ಅದು ಹೊಳಪಿಲ್ಲದ ಕಾಗದಕ್ಕೆ. ಇದ್ರ ಮ್ಯಾಲೆ ಕಚ್ಕೊಳಲ್ಲ. ಇದಕ್ಕೆ ಫೋಟೊ ಬ್ಲ್ಯಾಕೇ ಆಗ್ಬೇಕು. ನನ್ನೇ ಕೇಳಿದ್ರೆ ಏಳ್ತಿದ್ನಲ್ಲ.”

“ನಂಗೊತ್ತಿಲ್ವಾ? ಅಂಗ್ಡಿಯೋನು ತಪ್ ಕೊಟ್ಟವ್ನೆ ಬುಡು,” ಎಂದ ಮಹದೇವು.

ಅರುಂಧತಿಯ ಪಟಕ್ಕೆ ಗಾಜು ಬಂತು. ಅದನ್ನು ನೇತುಹಾಕಲು ಎತ್ತರದ ಆಳು ಬೇಕಿತ್ತು. “ನೀನೇ ಸ್ಟೂಲ್ ಅತ್ತಪ್ಪ ಮಾದೇವು,” ಎಂದರು ಪಟ್ಟಲಮ್ಮ. ಅವನು ಸ್ಟೂಲು ಹತ್ತಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರದಿಂದ, ಗುರುವಿನ ಮುಖದಲ್ಲಿ ಎಲ್ಲಾದರೂ ಒಂಚೂರು ಹಸಿರು ಇದೆಯೇ ಎಂದು ಹುಡುಕಿದ. ಕೆಳಗಿನಿಂದ ಪಟ್ಟಲಮ್ಮ ಎರಡು ಸಲ “ಇಳಿಯಪ್ಪ” ಅಂದರೂ ಇಳಿಯಲಿಲ್ಲ.