ಹಸಿ ನೀರು

ಇಚಲಕರಂಜಿಯ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಾತ ಪವರ್‌ಲೂಮ್ ರಿಪೇರಿ ಮಾಡುವ ಜಾಬರ್. ಮಗ್ಗ ತಪ್ಪು ಸದ್ದು ಮಾಡಿದರೆ ಕಿವಿಗೊಟ್ಟು ನಿಲ್ಲುತ್ತಿದ್ದ. ಮಾಲೀಕ ಬೈಯುವ ತನಕ ಬೋಲ್ಟು ಬಿಚ್ಚುವ ಪಾನಾ ಎತ್ತುತ್ತಿರಲಿಲ್ಲ.

ಒಂದು ದೀಪಾವಳಿಗೆ ಆತ ಗಾಜಿನ ಪೆಟ್ಟಿಗೆ ತಂದು ಉಸುಕು ಹಾಸಿ, ನೀರು ತುಂಬಿದ; ಮೀನು ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ಆ ಬರಿ ನೀರಿಗೆ ಒಂದು ಚಿಟಿಕೆ ಮೀನಿನ ಆಹಾರ ಉದುರಿಸುತ್ತಿದ್ದ. ಇಲ್ಲದ ಮೀನುಗಳು ಉಪವಾಸ ಇರಬಾರದಲ್ಲ. ಆಮೇಲೆ ಬಗ್ಗಿ ಮೂಸಿ, "ನೀರ ಇನ್ನೂ ಹಸೀ ಐತ್ರಿ" ಎನ್ನುತ್ತಿದ್ದ.

"ನಿಮ್ಮ ನೀರ ತಾನ ಮೀನ ಹಡೀತೈತೇನ್ರಿ?" ಎಂದು ಕೇಳಿದೆ. ಆತ ಆಹಾರದ ಡಬ್ಬಿ ಮುಚ್ಚಿಟ್ಟ.

ನಾನು ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಮೀನು ಸಾಕುವುದು ಹೇಗೆಂದು ಚಾಳಿಗೆ ತೋರಿಸಲು ಕೊಲ್ಲಾಪುರದಿಂದ ಪೆಟ್ಟಿಗೆಯನ್ನೂ ಆರು ಕೆಂಪು ಮೀನುಗಳನ್ನೂ ಒಂದೇ ದಿನ ತಂದೆ. ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ಎಲ್ಲರೂ ಬಂದು ಹೊಗಳಿದರು. ಜಾಬರ್ ಬಂದು ಮೂಸಿ ಹೋದ.

ವಾರದೊಳಗೆ ಐದು ಮೀನು ಹೊಟ್ಟೆ ಮೇಲಾಗಿ ತೇಲಿದವು. ನನ್ನ ಹೆಂಡತಿ ಮೊಸರಿನ ಹೆಪ್ಪು ಕೇಳಲು ಹೋಗುವ ಜಾಬರನ ಬಾಗಿಲಿಗೆ, ಆತನ ಪೆಟ್ಟಿಗೆಯ ನೀರು ಕೇಳಲು, ನಾನೂ ಬಟ್ಟಲು ಹಿಡಿದು ಹೋದೆ. ಒಳಗೆ ಆತನ ಪೆಟ್ಟಿಗೆಯಲ್ಲಿ ಈಗ ಎರಡು ಮೀನುಗಳು ಆರಾಮಾಗಿ ಓಡಾಡುತ್ತಿದ್ದವು.

"ಎಷ್ಟ ಉಳದಾವ್ರಿ?" ಆತ ಕೇಳಿದ.

"ಒಂದ."

ಆತ ತಳದಿಂದ ಒಂದು ಹಿಡಿ ಲೋಳೆ ಹಿಡಿದ ಉಸುಕು ತೆಗೆದು ಬಟ್ಟಲಿಗೆ ಹಾಕಿದ. "ಇದನ್ನ ಹೆಪ್ಪ ಹಾಕ್ರಿ ಮಾಸ್ತರ. ನೀರ ಭಾಳ ಕಲಕಬ್ಯಾಡ್ರಿ. ಹಾಲಿನಾಗ ಆಗೂದ ನೀರಿನಾಗೂ ಆಗತೈತಿ."

ಹಾಲು ಮೊಸರಾಗುವ ಪಾಠವನ್ನು ನಾನು ಹತ್ತು ವರ್ಷದಿಂದ ಬೋರ್ಡಿನ ಮೇಲೆ ಬ್ಯಾಕ್ಟೀರಿಯಾಗಳ ಚಿತ್ರ ಬರೆದು ಕಲಿಸುತ್ತಿದ್ದೆ.